ಆರು ಮಕ್ಕಳಿಂದ ಎರಡು ಮಕ್ಕಳಿಗೆ ಬಂದಿದ್ದು ಆಪರೇಷನ್‌ನಿಂದಲೇ? ಒಬ್ಬ ನರ್ಸಬಾಯಿಯ ಉತ್ತರ

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನಮ್ಮ ದೇಶದ ಫಲವತ್ತತೆ ದರ ಆರರ ಹತ್ತಿರದಿಂದ ಎರಡಕ್ಕೆ ಇಳಿದಿದ್ದು ಸರ್ಕಾರ ಆಪರೇಷನ್ (ಮುಂದೆ ಮಕ್ಕಳಾಗದಂತೆ ಮಾಡುವ ಶಸ್ತ್ರಚಿಕಿತ್ಸೆ) ಮಾಡಿಸಿದ್ದರಿಂದಲೇ? ಇಷ್ಟು ಇಳಿದರೂ ಜನಸಂಖ್ಯೆ ಯಾಕೆ ಏರುತ್ತಿದೆ?

ನಾನು ಬಾಗಲಕೋಟೆ ಜಿಲ್ಲೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಹೆರಿಗೆ, ಲಸಿಕೆ ನೋಡಿಕೊಳ್ಳುವ ನರ್ಸ್, ಅಂದರೆ ಎಎನ್‌ಎಂ ಆಗಿದ್ದೆ. ಊರವರ ಬಾಯಲ್ಲಿ ನರ್ಸಬಾಯಿ. 1986ರಲ್ಲಿ ಕೆಲಸಕ್ಕೆ ಸೇರಿದಾಗ ಅದಿನ್ನೂ ಬಿಜಾಪುರ ಜಿಲ್ಲೆ. ಮೂವತ್ತಕ್ಕೂ ಜಾಸ್ತಿ ವರ್ಷ ಮನೆ ಮನೆಗೆ ಹೋಗಿ ಅರ್ಹ ದಂಪತಿಗಳ, ಅಂದರೆ ಹೆರುವ ವಯಸ್ಸಿನ ಹೆಂಡತಿ ಇರುವ ಜೋಡಿಗಳ, ರಿಜಿಸ್ಟರ್ ಬರೆದಿದ್ದೇನೆ. ಹಾಗಾಗಿ ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ ಪ್ರಶ್ನೆ.

ಮೊದಲು ಈ ದರ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಒಬ್ಬ ಹುಡುಗಿಗೆ ಈಗ 15 ವರ್ಷ ಅಂದುಕೊಳ್ಳಿ. ಈ ವರ್ಷ ಯಾವ ವಯಸ್ಸಿನವರಿಗೆ ಎಷ್ಟು ಹೆರಿಗೆ ಆಗುತ್ತಿವೆಯೋ, ಅದೇ ಲೆಕ್ಕದಲ್ಲಿ ಅವಳು 49ರ ತನಕ ನಡೆದರೆ ಅವಳಿಗೆ ಎಷ್ಟು ಮಕ್ಕಳಾಗಬಹುದು? ಆ ಸಂಖ್ಯೆಯೇ ಒಟ್ಟು ಫಲವತ್ತತೆ ದರ. 1950ರ ಹೊತ್ತಿಗೆ ನಮ್ಮ ದೇಶದಲ್ಲಿ ಅದು ಆರರ ಹತ್ತಿರ ಇತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ 3.4, 2005-06ರಲ್ಲಿ 2.7, 2019-21ರಲ್ಲಿ 2.0.

ಈಗ ಆಪರೇಷನ್ ವಿಷಯ. ಭಾರತ 1952ರಲ್ಲೇ ಕುಟುಂಬ ಯೋಜನೆ ಶುರು ಮಾಡಿತು. ಅದಕ್ಕೂ ಮೊದಲು, 1930ರಲ್ಲೇ, ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ನಮ್ಮ ಭಾಗ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಆ ಸೌಲಭ್ಯ ನಮಗೆಲ್ಲಿ ಬರಬೇಕು. ಆಮೇಲೆ ತುರ್ತು ಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಅದರಲ್ಲಿ ಗಂಡಸರದ್ದೇ ಜಾಸ್ತಿ, ಎಷ್ಟೋ ಕಡೆ ಒತ್ತಾಯದಿಂದ. ಆ ಹೆದರಿಕೆ ಗಂಡಸರ ಮನಸ್ಸಿನಿಂದ ಹೋಗಲೇ ಇಲ್ಲ. ನಾನು ಕೆಲಸಕ್ಕೆ ಸೇರಿದಾಗ ಆಪರೇಷನ್ ಅನ್ನುವ ಮಾತು ತೆಗೆದರೆ ಗಂಡಸರು ಎದ್ದು ಹೊಲಕ್ಕೆ ಹೋಗುತ್ತಿದ್ದರು. ಭಾರ ಪೂರ್ತಿ ಹೆಣ್ಣುಮಕ್ಕಳ ಮೇಲೆ ಬಿತ್ತು. 2019-21ರ ಸಮೀಕ್ಷೆ ನೋಡಿ. ಮದುವೆಯಾದ ಹೆಣ್ಣುಮಕ್ಕಳಲ್ಲಿ ಸುಮಾರು ನೂರಕ್ಕೆ 38 ಮಂದಿಗೆ ಆಪರೇಷನ್ ಆಗಿದೆ. ಗಂಡನಿಗೆ ಆದದ್ದು ನೂರರಲ್ಲಿ ಒಂದು ಮನೆಯಲ್ಲೂ ಇಲ್ಲ, 0.3. ಇದು ನನಗೆ ಇವತ್ತಿಗೂ ನೋವಿನ ವಿಷಯ. ಗಂಡಸರದ್ದು ಸಣ್ಣ ಆಪರೇಷನ್, ಅದೇ ದಿನ ಮನೆಗೆ ನಡೆದು ಹೋಗಬಹುದು.

ನಮಗೂ ಟಾರ್ಗೆಟ್ ಇತ್ತು. ವರ್ಷಕ್ಕೆ ಇಷ್ಟು ಕೇಸ್ ತರಬೇಕು, ತರದಿದ್ದರೆ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಿದ್ದರು. 1996ರಲ್ಲಿ ದೇಶದಾದ್ಯಂತ ಆ ಟಾರ್ಗೆಟ್ ಪದ್ಧತಿ ತೆಗೆದರು. ಹಾಗಂತ ಹೆರಿಗೆ ಮತ್ತೆ ಜಾಸ್ತಿ ಆಯಿತೇ? ಇಲ್ಲ, ಇನ್ನೂ ಕಡಿಮೆ ಆಯಿತು. ಇನ್ನೊಂದು ಮಾತು. ಇದೇ ಯೋಜನೆ ಬಿಹಾರದಲ್ಲೂ ಇತ್ತು. ಅಲ್ಲಿ 2019-21ರಲ್ಲೂ ದರ 3.0, ಕರ್ನಾಟಕದಲ್ಲಿ 1.7. ಬರೀ ಆಪರೇಷನ್‌ನಿಂದಲೇ ಆಗುವುದಿದ್ದರೆ ಎರಡೂ ಕಡೆ ಒಂದೇ ಥರ ಆಗಬೇಕಿತ್ತು ಅಲ್ವಾ?

ಹಾಗಾದರೆ ಏನಾಯಿತು? ನಾನು ಸೇರಿದ ಮೊದಲ ವರ್ಷ ಒಂದು ಮನೆಗೆ ಹೋಗಿ, 'ಆರತಿಗೊಬ್ಬಳು ಕೀರ್ತಿಗೊಬ್ಬ' ಅಂತ ಕಲಿಸಿದ್ದ ಮಾತನ್ನೇ ಸೊಸೆಗೆ ಹೇಳುತ್ತಿದ್ದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿ ಕೇಳಿದಳು: "ಬಾಯಾರ, ಎರಡ ಸಾಕಂತೀರಿ. ಎರಡೂ ಉಳಿತಾವಂತ ಬರದ ಕೊಡ್ತೀರೇನ? ನಾ ಏಳ ಹಡದೀನಿ, ನಾಕ ಮಣ್ಣಿಗೆ ಕೊಟ್ಟೀನಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಎದ್ದು ಬಂದೆ.

ಆಕೆ ಹೇಳಿದ್ದು ನಿಜವೇ ಆಗಿತ್ತು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ 1000 ಕೂಸುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 1990ರಲ್ಲಿ ಅದು 80, 2020ರಲ್ಲಿ 28. ನನ್ನ ರಿಜಿಸ್ಟರ್‌ನಲ್ಲಿ ಇದು ಹೆಸರುಗಳಲ್ಲೇ ಕಾಣುತ್ತದೆ. ಹಳೆ ಪುಟಗಳಲ್ಲಿ ತಾಯಂದಿರ ಹೆಸರು ತಿಪ್ಪವ್ವ, ಸಾಕವ್ವ. ಹಿಂದಿನ ಕೂಸುಗಳು ಹೋಗಿದ್ದರೆ, ಇದಾದರೂ ಉಳಿಯಲಿ ಅಂತ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪವ್ವ ಅಂತ ಕರೆಯುತ್ತಿದ್ದರು. ಹೆಣ್ಣು ಹುಟ್ಟಿದ್ದು ಸಾಕಾಯಿತು ಅಂದರೆ ಸಾಕವ್ವ. 2000ದ ಆಚೆಗೆ ಹುಟ್ಟಿದ ಮಕ್ಕಳ ಸಾಲಿನಲ್ಲಿ ಆ ಹೆಸರು ನಾನು ಒಂದೂ ಬರೆದಿಲ್ಲ. ಗೋವರದ ಇಂಜೆಕ್ಷನ್, ಪೋಲಿಯೊ ಹನಿ, ವಾಂತಿಭೇದಿಗೆ ಓಆರ್‌ಎಸ್ ಪುಡಿ, ಆಸ್ಪತ್ರೆಯಲ್ಲಿ ಹೆರಿಗೆ: ಇವು ಬಂದ ಮೇಲೆ ಕೂಸು ಉಳಿಯುತ್ತದೆ ಅನ್ನುವ ಧೈರ್ಯ ಬಂತು. ಆ ಧೈರ್ಯ ಬರುವುದಕ್ಕೆ ಹತ್ತು ಹದಿನೈದು ವರ್ಷ ಹಿಡಿಯಿತು. ಆಮೇಲೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ, ಅವರೇ ಬಂದು ಕೇಳಿದರು. ಜೊತೆಗೆ ಹುಡುಗಿಯರು ಶಾಲೆಗೆ ಹೋದರು. ಮಕ್ಕಳ ಓದಿನ ಖರ್ಚೂ ಕಣ್ಣಿಗೆ ಬಿತ್ತು. ಒಂದು ಕಾಲಕ್ಕೆ ಎಂಟು ವರ್ಷದ ಹುಡುಗ ಎಮ್ಮೆ ಕಾಯುತ್ತಿದ್ದ, ಈಗ ಅವನ ಫೀಸು ಕಟ್ಟಬೇಕು.

ಎರಡನೇ ಪ್ರಶ್ನೆ ಅಷ್ಟು ಕಷ್ಟದ್ದಲ್ಲ. ಒಬ್ಬ ಅಜ್ಜಿಗೆ ಐದು ಮಕ್ಕಳು. ಆ ಐವರಿಗೂ ಎರಡೆರಡೇ ಮಕ್ಕಳಾದರೂ ಮೊಮ್ಮಕ್ಕಳು ಹತ್ತು. ಅಜ್ಜಿಯೂ ಇನ್ನೂ ಇದ್ದಾಳೆ, ಯಾಕೆಂದರೆ ಈಗ ಜನ ಹೆಚ್ಚು ವರ್ಷ ಬದುಕುತ್ತಾರೆ. ದೇಶದಲ್ಲಿ ಆಗುತ್ತಿರುವುದೂ ಇದೇ. ಮೊದಲು ಹುಟ್ಟಿದ ದೊಡ್ಡ ಪೀಳಿಗೆ ಈಗ ಹೆರುವ ವಯಸ್ಸಿನಲ್ಲಿದೆ. ಒಂದು ಪೀಳಿಗೆಯ ಜಾಗವನ್ನು ಮುಂದಿನ ಪೀಳಿಗೆ ಸರಿಯಾಗಿ ತುಂಬಲು ದರ ಸುಮಾರು 2.1 ಇರಬೇಕು; ಅದಕ್ಕಿಂತ ಕೆಳಗೆ ಹೋದರೂ ಏರಿಕೆ ನಿಲ್ಲುವುದಕ್ಕೆ ಕೆಲವು ದಶಕ ಬೇಕು. ದಕ್ಷಿಣ ಕೊರಿಯಾದಲ್ಲಿ 1960ರಲ್ಲಿ ಆರರ ಹತ್ತಿರ ಇದ್ದ ದರ 2023ರಲ್ಲಿ 0.72ಕ್ಕೆ ಬಂತು. ಅಲ್ಲೀಗ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ದರ ಇಳಿಯಿತು ಅಂದರೆ ಹೆಣ್ಣುಮಕ್ಕಳ ಬದುಕು ಅಷ್ಟೇ ಸುಧಾರಿಸಿತು ಅಂತ ತಿಳಿಯಬೇಡಿ. 2019-21ರ ಅದೇ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಮ್ಮ ಕಡೆ ಬೇಗ ಮದುವೆ, ಬೇಗ ಎರಡು ಹೆರಿಗೆ, ಆಮೇಲೆ ಆಪರೇಷನ್.

ನಾನು ನಿವೃತ್ತಳಾದ ವರ್ಷ, 2019ರಲ್ಲಿ, ಒಬ್ಬ ಹುಡುಗಿ ಎರಡನೇ ಕೂಸನ್ನು ಎತ್ತಿಕೊಂಡು ಇಂಜೆಕ್ಷನ್ ಹಾಕಿಸಲು ಬಂದಳು. ಅವಳು ಹುಟ್ಟಿದ್ದನ್ನು 1999ರಲ್ಲಿ ನಾನೇ ಬರೆದಿದ್ದೆ. ಅವಳ ಅವ್ವನಿಗೆ ಐದು ಮಕ್ಕಳು, ಮೊದಲ ಹೆರಿಗೆ 17ಕ್ಕೆ. ಇವಳಿಗೆ ಎರಡು, ಮೊದಲನೆಯದು 18ಕ್ಕೆ. "ಬಾಯಾರ, ಆಪರೇಷನ್ ಯಾವಾಗ ಮಾಡಿಸ್ತೀರಿ?" ಅಂತ ಕೇಳಿದಳು. 22 ತುಂಬದೆ ಮಾಡುವಂತಿಲ್ಲ, ಅಲ್ಲಿಯವರೆಗೆ ಕಾಪರ್-ಟಿ (ಬಸಿರಾಗದಂತೆ ಗರ್ಭಕೋಶದಲ್ಲಿ ಇಡುವ ಸಣ್ಣ ಸಾಧನ) ಹಾಕಿಸಿಕೋ ಅಂದೆ. ಶಾಲೆ ಎಲ್ಲಿಗೆ ಬಿಟ್ಟೆ ಅಂತ ಕೇಳಿದೆ. ಒಂಬತ್ತನೇತ್ತೆ ಅಂದಳು.