ಅಣೆಕಟ್ಟಿನ ಕೆಳಗೆ ನದಿ ನೀರಿನ ಗುಣಮಟ್ಟ ನೋಡಲು ತಿಂಗಳಿಗೊಂದು ಸ್ಯಾಂಪಲ್ ಸಾಕೇ?

ತಿಂಗಳಿಗೊಮ್ಮೆ ಬಾಟಲಿ ತುಂಬಿಸಿ ಲ್ಯಾಬಿಗೆ ಕೊಡುತ್ತೀರಿ, ವರದಿಯಲ್ಲಿ ಎಲ್ಲವೂ ಸರಿಯಿದೆ, ಆದರೂ ಅಣೆಕಟ್ಟಿನ ಕೆಳಗೆ ಮೀನು ಸಾಯುತ್ತಿವೆ ಎಂದು ಬರೆದಿದ್ದೀರಿ. ನೀರಿನ ಪರೀಕ್ಷೆ ನನ್ನ ಕೆಲಸವೇ ಆದ್ದರಿಂದ ನೇರವಾಗಿ ಹೇಳುತ್ತೇನೆ: ಸಾಕಾಗುವುದಿಲ್ಲ. ಅಣೆಕಟ್ಟಿನ ಕೆಳಗಿನ ನೀರು ಹೇಗಿದೆ ಎನ್ನುವುದು ಆ ಹೊತ್ತಿಗೆ ಯಾವ ಗೇಟಿನಿಂದ, ಎಷ್ಟು ಆಳದಿಂದ ನೀರು ಬಿಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ.

ಬೇಸಿಗೆಯಲ್ಲಿ ಆಳವಾದ ಜಲಾಶಯದ ನೀರು ಪದರ ಕಟ್ಟುತ್ತದೆ. ಮೇಲೆ ಬೆಚ್ಚಗಿನ ನೀರು, ತಳದಲ್ಲಿ ತಣ್ಣಗಿನದು, ಎರಡೂ ಬೆರೆಯುವುದಿಲ್ಲ. ತಳದಲ್ಲಿ ಎಲೆ, ಪಾಚಿ ಕೊಳೆಯುತ್ತಾ ಅಲ್ಲಿದ್ದ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ಆಮೇಲೆ ಕೆಸರಿನೊಳಗಿನ ಕಬ್ಬಿಣ, ಮ್ಯಾಂಗನೀಸ್ ಕರಗಿ ನೀರಿಗೆ ಬರುತ್ತವೆ, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಟರ್ಬೈನಿಗೆ ನೀರೆಳೆಯುವ ಬಾಯಿ ಆ ಆಳದಲ್ಲಿದ್ದರೆ ನದಿಗೆ ಇಳಿಯುವುದು ಆ ನೀರೇ. ಕೊಳೆತ ಮೊಟ್ಟೆಯ ವಾಸನೆ, ಕಲ್ಲುಗಳ ಮೇಲೆ ಕಪ್ಪು ಅಥವಾ ತುಕ್ಕಿನ ಬಣ್ಣದ ಲೇಪ ಕಂಡರೆ ಮೊದಲ ಗುಮಾನಿ ಇದರ ಮೇಲೇ ಇರಲಿ.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. ಅದು 2–3ಕ್ಕೆ ಇಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟ. ಆದರೆ ಸಾಮಾನ್ಯ ಬಾಟಲಿಯಲ್ಲಿ ಕುಲುಕಾಡುತ್ತಾ ಲ್ಯಾಬ್ ತಲುಪುವಷ್ಟರಲ್ಲಿ ನೀರು ಗಾಳಿಯಿಂದ ಆಮ್ಲಜನಕ ಹೀರಿಕೊಂಡಿರುತ್ತದೆ. ನಿಮ್ಮ ವರದಿ ಚೆನ್ನಾಗಿ ಕಾಣಲು ಇದೇ ಕಾರಣ ಇರಬಹುದು. ತಾಪಮಾನ ಮತ್ತು ಕರಗಿದ ಆಮ್ಲಜನಕವನ್ನು ದಡದಲ್ಲೇ ಮೀಟರ್ ಇಟ್ಟು ಅಳೆಯಬೇಕು. ಮೀಟರ್ ಇಲ್ಲದಿದ್ದರೆ ವಿಂಕ್ಲರ್ ವಿಧಾನ ಇದೆ: ಗಾಜಿನ ಬಿರಡೆಯ ಬಾಟಲಿಯನ್ನು ಒಂದು ಗುಳ್ಳೆಯೂ ಇಲ್ಲದಂತೆ ತುಂಬಿಸಿ, ಪಿಪೆಟ್ಟಿನ ತುದಿಯನ್ನು ನೀರೊಳಗೆ ಇಳಿಸಿ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೋಡೈಡ್ ಬಿಡಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಇಳಿಯುತ್ತದೆ. ಬೆಳ್ಳಗೇ ಉಳಿದರೆ ನೀರಿನಲ್ಲಿ ಆಮ್ಲಜನಕವೇ ಇಲ್ಲವೆಂದು ಅಲ್ಲೇ ಗೊತ್ತಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಇದೆ, ಅದನ್ನು ಬಹಳ ಜನ ಮರೆಯುತ್ತಾರೆ. ಕೋಡಿಯಿಂದ ರಭಸವಾಗಿ ಧುಮುಕುವ ನೀರು ಗಾಳಿಯನ್ನು ಆಳಕ್ಕೆ ಎಳೆದೊಯ್ದು ಅಗತ್ಯಕ್ಕಿಂತ ಹೆಚ್ಚು ಅನಿಲವನ್ನು ಕರಗಿಸಿಕೊಳ್ಳುತ್ತದೆ. ನೀರು ಸಹಜವಾಗಿ ಹಿಡಿದಿಡುವ ಅನಿಲವನ್ನು 100 ಶೇಕಡ ಎಂದುಕೊಂಡರೆ, ಒಟ್ಟು ಕರಗಿದ ಅನಿಲ 110 ಶೇಕಡ ದಾಟಬಾರದು ಎನ್ನುವುದು ಅಮೆರಿಕದ ಮಾನದಂಡ. ಮೀರಿದರೆ ಮೀನಿನ ರಕ್ತದಲ್ಲಿ, ರೆಕ್ಕೆಯಲ್ಲಿ ಗುಳ್ಳೆ ಏಳುತ್ತವೆ. ಸತ್ತ ಮೀನಿನ ರೆಕ್ಕೆಗಳನ್ನು ಬೆಳಕಿಗೆ ಹಿಡಿದು ನೋಡಿ.

ಜಾಗದ ವಿಚಾರ: ಜಲಾಶಯಕ್ಕೆ ನೀರು ಬರುವಲ್ಲಿ ಒಂದು, ಪವರ್‌ಹೌಸಿನ ಕೆಳಗೆ ಒಂದು, ಇನ್ನೂ ಕೆಲವು ಕಿಲೋಮೀಟರ್ ಕೆಳಗೆ ಒಂದು. ಮೇಲಿನದು ಇಲ್ಲದೆ ತಪ್ಪು ಅಣೆಕಟ್ಟಿನದೋ ಮೇಲಿಂದಲೇ ಬಂದದ್ದೋ ಹೇಳಲಾಗದು. ಸಾಧ್ಯವಾದರೆ ಪವರ್‌ಹೌಸಿನ ಕೆಳಗೆ 15 ನಿಮಿಷಕ್ಕೊಮ್ಮೆ ಅಳೆಯುವ ಲಾಗರ್ ಇಡಿ. ಸೆನ್ಸರಿಗೆ ಪಾಚಿ ಹತ್ತುತ್ತದೆ, ಆಗಾಗ ತೊಳೆಯದಿದ್ದರೆ ಅಂಕಿಗಳು ಸುಳ್ಳು ಹೇಳುತ್ತವೆ. ನೀರಿಗಿಳಿಯುವ ಮುನ್ನ ಗೇಟ್ ಯಾವಾಗ ತೆರೆಯುತ್ತಾರೆಂದು ತಪ್ಪದೆ ಕೇಳಿಕೊಳ್ಳಿ, ನೀರು ಏರಲು ಹೆಚ್ಚು ಹೊತ್ತು ಬೇಡ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಮೀನು ಸತ್ತ ದಿನಗಳನ್ನು ಬರೆದಿಟ್ಟುಕೊಂಡು, ಅಣೆಕಟ್ಟಿನ ಕಚೇರಿಯಿಂದ ಆ ದಿನಗಳ ನೀರು ಬಿಡುಗಡೆಯ ದಾಖಲೆಯನ್ನು ಗಂಟೆವಾರು ಕೇಳಿ ಪಡೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಮುಂದಿನ ಸ್ಯಾಂಪಲ್ ಯಾವ ಹೊತ್ತಿಗೆ ತೆಗೆಯಬೇಕೆಂದು ನಿರ್ಧರಿಸಿ.