ಆರ್‌ಒ ನಲ್ಲಿಗೆ ಟೀ ಜಾಯಿಂಟ್ ಹಾಕಿ ಸೋಡಾ ಪಂಪಿಗೆ ಕೊಟ್ಟವರಿಗೆ

ಮನೆಯಲ್ಲೇ ಸೋಡಾ ಮಾಡೋಕೆ ನೀವು ಮಾಡಿದ ಜೋಡಣೆಯ ಪೋಸ್ಟು, ಫೋಟೋ ನೋಡಿದ ತಕ್ಷಣ ಬರೀತಿದೀನಿ ಸರ್. ಮೊದಲು ಪಂಪಿನ ಪ್ಲಗ್ ಕಿತ್ತಿಡಿ, ಸೋಡಾ ಗ್ಯಾಸಿನ (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ವಾಲ್ವ್ ಮುಚ್ಚಿ, ಆಮೇಲೆ ಓದಿ.

ಆರ್‌ಒ ನಲ್ಲಿ ಪಕ್ಕದಲ್ಲಿ ಕಾಲಿಂಚಿನ ಪೈಪಿಗೆ ಟೀ (ಕವಲು ತೆಗೆಯೋ ಮೂರು ಬಾಯಿಯ ಜಾಯಿಂಟ್) ಹಾಕಿ ಸೀದಾ ಕಾರ್ಬನೇಟರ್ (ನೀರಿಗೆ ಗ್ಯಾಸ್ ಬೆರೆಸಿ ಸೋಡಾ ಮಾಡೋ ಟ್ಯಾಂಕು) ಪಂಪಿಗೆ ಕೊಟ್ಟಿದೀರಿ. ಪಂಪ್ ಆದ್ಮೇಲೆ ಒಂದೇ ಒಂದು ಹಿತ್ತಾಳೆ ಎನ್‌ಆರ್‌ವಿ, ಅಂದ್ರೆ ನೀರು ಹಿಂದಕ್ಕೆ ಹರಿಯದ ಹಾಗೆ ತಡೆಯೋ ವಾಲ್ವ್. "ಸೋಡಾ ಸಪ್ಪೆ, ಪಂಪ್ ಕಿರ್ರ್ ಅಂತಿದೆ, ರೆಗ್ಯುಲೇಟರ್ ಏರಿಸ್ಲಾ?" ಅಂತ ಕೇಳಿದೀರಿ. ಗ್ಯಾಸ್ ಪ್ರೆಶರ್ ಏರಿಸ್ಬೇಡಿ. ನಿಮ್ಮ ಪೋಸ್ಟಿನ ಕೆಳಗೆ ಮೂರು ಜನ ಏರಿಸಿ ಅಂದಿದಾರಲ್ಲ, ಅವರು ಪಂಪ್ ತಗೊಂಡು ಕೊಡ್ತಾರಾ ಕೇಳಿ. ಆ ಸದ್ದು ಪಂಪಿಗೆ ನೀರು ಸಿಗದೇ ಇರೋದರ ಸದ್ದು.

ಲೆಕ್ಕ ನೋಡಿ. ನಿಮ್ಮದು ಗಂಟೆಗೆ 100 ಗ್ಯಾಲನ್ ತಳ್ಳೋ ಪ್ರೊಕಾನ್ (ಪಂಪಿನ ಬ್ರಾಂಡ್) ಥರದ್ದು, ಅಂದ್ರೆ ಗಂಟೆಗೆ ಸುಮಾರು 380 ಲೀಟರ್, ನಿಮಿಷಕ್ಕೆ ಆರು ಲೀಟರಿನ ಮೇಲೆ. ಮನೆ ಆರ್‌ಒ ಶುದ್ಧ ಮಾಡೋದು ಗಂಟೆಗೆ 12-15 ಲೀಟರ್. ಅದರ ಹೊಟ್ಟೆಯಲ್ಲಿರೋ ಟ್ಯಾಂಕು ಎಂಟೋ ಹತ್ತೋ ಲೀಟರ್, ಅದಕ್ಕೆ ಪ್ರೆಶರ್ ಅನ್ನೋದೇ ಇಲ್ಲ. ಒಂದು ಮೀಟರ್ ಎತ್ತರಕ್ಕೆ ಸಿಗೋದು 0.1 ಬಾರ್ ಪ್ರೆಶರ್. ಚೊಂಬು ತುಂಬೋಕೇ ನಿಂತು ಕಾಯಬೇಕಾದ ಪೈಪಿನಿಂದ ಪಂಪ್ ಏನು ಕುಡೀಬೇಕು?

ಇದೇ ಜೋಡಣೆ ನಾನೂ ಮಾಡಿದ್ದೆ, ಅದಕ್ಕೇ ಸಿಟ್ಟು. ಯುಗಾದಿ ಹಿಂದಿನ ದಿನ ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ, ಆರ್‌ಒ ಟ್ಯಾಂಕ್ ಖಾಲಿ. ಕರೆಂಟ್ ಬಂದ ಕೂಡಲೇ ಕಾರ್ಬನೇಟರ್ ನೀರು ಕೇಳ್ತು, ಪಂಪ್ ಓಡ್ತು. ನಾನು ಮಾವಿನ ಸೊಪ್ಪು ತರೋಕೆ ಹೋಗಿದ್ದೆ. ವಾಪಸ್ ಬರೋ ಹೊತ್ತಿಗೆ ಪಂಪ್ ಹೆಡ್ (ನೀರು ತಳ್ಳೋ ಭಾಗ) ಮುಟ್ಟೋಕಾಗದಷ್ಟು ಕಾದಿತ್ತು. ಆ ಪಂಪಿನ ಒಳಗೆ ತಿರುಗೋ ವೇನ್‌ಗಳು (ಸಣ್ಣ ಪಟ್ಟಿಗಳು) ಕಾರ್ಬನ್ ಗ್ರಾಫೈಟ್, ನೀರೇ ಅವಕ್ಕೆ ಎಣ್ಣೆ. ಒಣಗಿ ತಿರುಗಿದ್ರೆ ಸವೆದು ಹೋಗ್ತವೆ. ಮಾರನೇ ದಿನ ಲೋಟಕ್ಕೆ ಸೋಡಾ ಬಿಟ್ರೆ ಒಲೆ ಮಸಿಯಂಥ ಕಪ್ಪು ಎಳೆಗಳು. ನೆಂಟರ ಮುಂದೆ.

ಅಷ್ಟಕ್ಕೇ ಬುದ್ಧಿ ಬರಲಿಲ್ಲ. ಹೊಸ ಹೆಡ್ ತಂದು ಅದೇ ಜಾಗಕ್ಕೆ ಹಾಕಿದೆ. ಎರಡು ತಿಂಗಳಾದ್ಮೇಲೆ ಅಮ್ಮ ಆರ್‌ಒ ನಲ್ಲಿಯಿಂದ ನೀರು ಹಿಡ್ಕೊಂಡು ಬಂದು "ನೀರು ಯಾಕೋ ನಾಲಿಗೆಗೆ ಚುರ್ ಅಂತಿದೆ ಕಣೋ" ಅಂದ್ರು. ನೋಡ್ತೀನಿ, ಸ್ಟೀಲ್ ಲೋಟದ ಒಳಗೋಡೆಗೆಲ್ಲ ಸಾಸಿವೆ ಅಂಟಿದ ಹಾಗೆ ಗುಳ್ಳೆ. ಸೋಡಾ ಹಿಂದಕ್ಕೆ ನುಗ್ಗಿತ್ತು! ಕಾರ್ಬನೇಟರ್ ಒಳಗೆ 6 ಬಾರ್, ಈ ಕಡೆ ಏನೂ ಇಲ್ಲ. ಮಧ್ಯೆ ಇದ್ದ ಎನ್‌ಆರ್‌ವಿ ಬಿಚ್ಚಿದ್ರೆ ಸೀಟಿನ (ವಾಲ್ವ್ ಮುಚ್ಚಿ ಕೂರೋ ಜಾಗ) ಮೇಲೆ ಕೂದಲಷ್ಟು ತೆಳ್ಳಗಿನ ಟೆಫ್ಲಾನ್ ಟೇಪಿನ ಚೂರು ಕೂತಿದೆ, ಒಳಗೆಲ್ಲ ಹಸಿರು ತಿರುಗಿದೆ. ಟೇಪ್ ಸುತ್ತಿದ್ದು ನಾನೇ. ತುದಿಯ ಎರಡು ಥ್ರೆಡ್ ಬಿಟ್ಟು ಸುತ್ತಬೇಕು ಅಂತ ಯಾರೂ ಹೇಳಿರಲಿಲ್ಲ, ಈಗ ನಾನು ಹೇಳ್ತಿದೀನಿ.

ಆ ಹಸಿರು ಸಣ್ಣ ವಿಷಯ ಅಲ್ಲ. ಸೋಡಾ ನೀರಿನ ಪಿಎಚ್ 4ರ ಆಸುಪಾಸು, ಅದು ಹುಳಿ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಬಾರದು, ತಾಮ್ರದ ಚೊಂಬಿನಲ್ಲಿ ಮಜ್ಜಿಗೆ ಇಡಬಾರದು ಅಂತ ಅಜ್ಜಿ ಹೇಳ್ತಿದ್ದಿದ್ದು ಇದಕ್ಕೇ. ಅಮೆರಿಕದಲ್ಲಿ ಸೋಡಾ ಮಷೀನಿನ ಗ್ಯಾಸು ತಾಮ್ರದ ನೀರಿನ ಪೈಪಿಗೆ ಹಿಂದೆ ಹರಿದು ಜನ ವಾಂತಿ ಮಾಡ್ಕೊಂಡ ಪ್ರಕರಣಗಳಿವೆ. ಅಲ್ಲಿ ಈಗ ಗಾಳಿಕಿಂಡಿ ಇರೋ ಜೋಡಿ ಎನ್‌ಆರ್‌ವಿ ಹಾಕ್ತಾರೆ. ನಮ್ಮ ಮನೆಗಳಲ್ಲಿ ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಜಾಸ್ತಿ, ಅದಕ್ಕೇ ಬಚಾವ್. ಆದ್ರೆ ನಿಮ್ಮದು ತಾಮ್ರದ ಕಾರ್ಟ್ರಿಡ್ಜ್ ಇರೋ ಆರ್‌ಒ ಆಗಿದ್ರೆ ಇವತ್ತೇ ಬಿಚ್ಚಿ.

ನಾನು ಕೊನೆಗೆ ಮಾಡಿದ್ದು ಡ್ರಮ್. ಅಡುಗೆಮನೆಯಲ್ಲಿ ಕುಡಿಯೋ ನೀರಿಗೆ ಇಡ್ತೀವಲ್ಲ, ನಲ್ಲಿ ಇರೋ 20 ಲೀಟರ್ ಸ್ಟೀಲ್ ಡ್ರಮ್, ಅದೇ. ಆರ್‌ಒ ನಲ್ಲಿಗಿಂತ ಕೆಳಗೆ, ಪಂಪಿಗಿಂತ ಮೇಲೆ ಇರೋ ಹಾಗೆ ಕಟ್ಟೆ ಮೂಲೆಯಲ್ಲಿ ಕೂರಿಸಿದೆ. ಆರ್‌ಒ ಪೈಪ್ ಅದರ ಬಾಯಿಗೆ, ತುದಿಗೆ ಆರ್‌ಒ ಸ್ಪೇರ್ ಅಂಗಡಿಯ ಫ್ಲೋಟ್ ವಾಲ್ವ್. ಫ್ಲೋಟ್ ವಾಲ್ವಿನ ಬಾಯಿ ಓವರ್‌ಫ್ಲೋ ತೂತಿಗಿಂತ ಎರಡು ಇಂಚು ಮೇಲಿರಬೇಕು, ನೀರಿಗೆ ಮುಳುಗಬಾರದು. ಆ ಎರಡು ಇಂಚು ಗಾಳಿಯೇ ನಿಮ್ಮ ಅತಿ ನಂಬಿಕಸ್ತ ಎನ್‌ಆರ್‌ವಿ. ಸೋಡಾ ಹಿಂದೆ ಬಂದರೂ ಡ್ರಮ್ಮಿನಲ್ಲಿ ಗುಳ್ಳೆ ಬಿಟ್ಕೊಂಡು ಸುಮ್ಮನಾಗುತ್ತೆ. ನೀರು ನಿಧಾನ ಬಂದರೂ ಚಿಂತೆ ಇಲ್ಲ, ರಾತ್ರಿಯಿಡೀ ತುಂಬ್ಕೊಳ್ಳಲಿ.

ಕೆಳಗಿನ ನಲ್ಲಿ ಕಿತ್ತು ಅರ್ಧ ಇಂಚಿನ ಸ್ಟೀಲ್ ಬಾಲ್ ವಾಲ್ವ್, ಆಮೇಲೆ ಜಾಲರಿ ಸ್ಟ್ರೈನರ್, ಅಲ್ಲಿಂದ ಮೂರೆಂಟನೇ (3/8) ಇಂಚಿನ ಪೈಪಲ್ಲಿ ಪಂಪಿಗೆ, ಎರಡಡಿ ಮೀರದ ಹಾಗೆ. ಡ್ರಮ್ ತಳದಿಂದ ನಾಲ್ಕು ಬೆರಳು ಮೇಲೆ ಫ್ಲೋಟ್ ಸ್ವಿಚ್. ನೀರು ಅದಕ್ಕಿಂತ ಇಳಿದ್ರೆ ರಿಲೇ ಮೂಲಕ ಪಂಪ್ ಕಟ್. ಮೋಟರ್ 230 ವೋಲ್ಟ್, ಸಿಂಕ್ ಪಕ್ಕ, ಆದ್ದರಿಂದ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಕಟ್ ಮಾಡೋ ಸ್ವಿಚ್) ಇಲ್ಲದೆ ಕೈ ಹಾಕಲೇಬೇಡಿ. ಮುಚ್ಚಳ ಬಿಗಿ ಇರಲಿ, ಜಿರಲೆ ಬರುತ್ತೆ. ಆರ್‌ಒ ನೀರಲ್ಲಿ ಕ್ಲೋರಿನ್ ಇರಲ್ಲ, ಹದಿನೈದು ದಿನಕ್ಕೊಮ್ಮೆ ತೊಳೀದಿದ್ರೆ ಒಳಗೆ ಲೋಳೆ ಕಟ್ಟುತ್ತೆ.

ಪಂಪ್ ಆದ್ಮೇಲೆ ಎರಡು ಎನ್‌ಆರ್‌ವಿ, ಎರಡೂ ಸ್ಟೀಲ್. ಅಲ್ಲಿಂದ ಮುಂದೆ ಹಿತ್ತಾಳೆಯ ಒಂದು ನಿಪ್ಪಲ್ ಕೂಡ ಬೇಡ. ಪೈಪ್ ಒತ್ತಿ ಸಿಕ್ಕಿಸೋ ಪುಶ್ ಫಿಟ್ಟಿಂಗ್ ಜಾನ್ ಗೆಸ್ಟ್ ಬ್ರಾಂಡಿನದೇ ತಗೊಳ್ಳಿ, ಕಾಸು ಜಾಸ್ತಿ ನಿಜ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಂದ ಹೆಸರಿಲ್ಲದ ಬಿಳಿ ಎಲ್ಬೋ ನನ್ನ ಮನೇಲಿ ರಾತ್ರಿ ಎರಡು ಗಂಟೆಗೆ ಪಟ್ ಅಂತ ಹಾರಿ ಗೋಡೆಗೆ ಬಿತ್ತು. ಪೈಪನ್ನ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ್ರೆ ಜಾನ್ ಗೆಸ್ಟೂ ಸೋರುತ್ತೆ, ಅದು ಅವರ ತಪ್ಪಲ್ಲ.

ಪ್ರೊಕಾನ್ ದುಬಾರಿ ಅನ್ಸಿದ್ರೆ ಆರ್‌ಒದ 24 ವೋಲ್ಟ್ ಬೂಸ್ಟರ್ ಪಂಪೂ ನಡೆಯುತ್ತೆ, ಗ್ಯಾಸ್ 4 ಬಾರ್ ಒಳಗಿಟ್ರೆ. ನಿಧಾನ, ಆದ್ರೆ ಸ್ವಲ್ಪ ಹೊತ್ತು ಒಣಗಿ ಓಡಿದ್ರೂ ಸಾಯಲ್ಲ. ಇಬ್ಬರೇ ಇರೋ ಮನೆಗೆ ನಾನು ಅದನ್ನೇ ಹೇಳೋದು.

ಇನ್ನು ಸಪ್ಪೆ ಅಂದಿರಲ್ಲ, ಅದು ನೀರಿನ ಬಿಸಿಗೆ. 25 ಡಿಗ್ರಿ ನೀರು ಹಿಡ್ಕೊಳ್ಳೋ ಗ್ಯಾಸು 5 ಡಿಗ್ರಿ ನೀರು ಹಿಡ್ಕೊಳ್ಳೋದರ ಅರ್ಧದ ಹತ್ತಿರ ಮಾತ್ರ. ಏಪ್ರಿಲ್‌ನಲ್ಲಿ ಓವರ್‌ಹೆಡ್ ಟ್ಯಾಂಕ್ ನೀರು ಸ್ನಾನಕ್ಕಾಗೋ ಹಾಗಿರುತ್ತೆ, ಅದರಲ್ಲಿ ಎಷ್ಟು ಬಾರ್ ಏರಿಸಿದ್ರೂ ಲೋಟಕ್ಕೆ ಬಿಟ್ಟ ಕೂಡಲೇ ಬುಸ್ ಅಂತ ಹಾರಿಹೋಗುತ್ತೆ. ಪಂಪಿನಿಂದ ಕಾರ್ಬನೇಟರಿಗೆ ಹೋಗೋ ಪೈಪನ್ನ ಹತ್ತು ಮೀಟರ್ ಸುತ್ತಿ ಫ್ರಿಜ್ಜಿನ ತರಕಾರಿ ಟ್ರೇಯಲ್ಲಿಟ್ಟಿದೀನಿ. ಮನೆಯವಳಿಗೆ ಸೊಪ್ಪಿಡೋಕೆ ಜಾಗ ಇಲ್ಲ ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಸಿಲಿಂಡರ್ ಸಿಂಕ್ ಕೆಳಗಿದೆ ನಿಮ್ಮದು, ಅದೂ ಮಲಗಿಸಿ. ಎಬ್ಬಿಸಿ ಚೈನ್ ಹಾಕಿ. ಮಲಗಿದ್ರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತೆ. ಒಂದು ಕೆಜಿ ಗ್ಯಾಸ್ ಹೊರಗೆ ಬಂದ್ರೆ 500 ಲೀಟರಿಗೂ ಮೀರುತ್ತೆ. ಹತ್ತು ಅಡಿ ಉದ್ದಗಲ ಎತ್ತರದ ಮುಚ್ಚಿದ ಅಡುಗೆಮನೆಯಲ್ಲಿ 5 ಕೆಜಿ ಪೂರ್ತಿ ಸೋರಿದ್ರೆ ಗಾಳಿಯಲ್ಲಿ ಹತ್ತಿರ ಹತ್ತು ಪರ್ಸೆಂಟ್ ಅದೇ. ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಿ ಬೀಳ್ತೀರಿ. ವಾಸನೆಯೂ ಇಲ್ಲ, ಕೆಳಗೇ ಕೂರುತ್ತೆ, ಮೊದಲು ಸಿಗೋದು ನೆಲದ ಮೇಲೆ ಆಡೋ ಮಗು. ಸಿಲಿಂಡರನ್ನ ಗಾಳಿಯಾಡೋ ಯುಟಿಲಿಟಿಗೆ ಹಾಕಿ. ಪ್ರತಿ ಜಾಯಿಂಟಿಗೂ ಸೋಪ್ ನೀರು ಹಚ್ಚಿ ನೋಡಿ. ಗ್ಯಾಸ್ ಫುಡ್ ಗ್ರೇಡೇ ಬೇಕು, ವೆಲ್ಡಿಂಗ್ ಅಂಗಡಿಯವನು "ಎಲ್ಲಾ ಒಂದೇ ಸರ್" ಅಂತಾನೆ, ಒಪ್ಪಬೇಡಿ.

ಆರ್‌ಒ ಟಿಡಿಎಸ್ (ನೀರಲ್ಲಿ ಕರಗಿರೋ ಲವಣ) ತೀರಾ ಇಳಿಸಿದ್ರೆ ಕಾರ್ಬನೇಟರ್ ಪ್ರೋಬಿಗೆ (ನೀರಿನ ಮಟ್ಟ ನೋಡೋ ಕಡ್ಡಿ) ನೀರು ಬಂದಿದ್ದೇ ಗೊತ್ತಾಗದೆ ಪಂಪ್ ನಿಲ್ಲದೇ ಓಡಬಹುದು, ಅದನ್ನೂ ಒಮ್ಮೆ ನೋಡ್ಕೊಳ್ಳಿ. ರುಚಿಗೆ ಬೇಕಾದ್ರೆ ಚಿಟಿಕೆ ಅಡುಗೆ ಸೋಡಾ ಲೋಟಕ್ಕೆ ಹಾಕಿ, ಡ್ರಮ್ಮಿಗಲ್ಲ. ಪುನರ್ಪುಳಿ, ಸೊಗದೆ ಬೇರಿನ ಪಾಕಾನೂ ಅಷ್ಟೇ, ಲೋಟದಲ್ಲೇ ಬೆರೆಸಿ. ನಮ್ಮ ಭಾವಮೈದ ಒಬ್ಬ ಕಾರ್ಬನೇಟರಿಗೇ ನಿಂಬೆ ಶರಬತ್ತು ಹಾಕಿ ಪ್ರೋಬ್ ಉಜ್ಜುತ್ತಾ ಒಂದು ಭಾನುವಾರ ಕಳೆದ.

ಡ್ರಮ್ ಕೂರಿಸೋಕೆ ಮುಂಚೆ ಆ ಎನ್‌ಆರ್‌ವಿ ಬಿಚ್ಚಿ ಸೀಟಿನ ಫೋಟೋ ಹಾಕಿ ಸರ್. ಟೇಪಿನ ಚೂರು ಇದ್ದೇ ಇರುತ್ತೆ, ಬೇಕಾದ್ರೆ ಬೆಟ್ ಕಟ್ತೀನಿ.