ಜಾನ್ ಹಾರ್ಟ್‌ಫರ್ಡ್ ಯಾರು? ಅವರ ಸಂಗೀತ ಜೀವನ ಹೇಗೆ ಸಾಗಿತು?

ಬ್ಯಾಂಜೊ, ಪಿಟೀಲು, ಗಿಟಾರ್ ಮೂರನ್ನೂ ನುಡಿಸಬಲ್ಲವರಾಗಿದ್ದ ಜಾನ್ ಹಾರ್ಟ್‌ಫರ್ಡ್ (1937–2001) ಅಮೆರಿಕದ ಜಾನಪದ ಹಾಗೂ ಕಂಟ್ರಿ ಸಂಗೀತಗಾರರು. ನ್ಯೂಯಾರ್ಕಿನಲ್ಲಿ ಹುಟ್ಟಿ, ಮಿಸಿಸಿಪ್ಪಿ ನದಿಯ ದಂಡೆಯ ಸೇಂಟ್ ಲೂಯಿಸ್‌ನಲ್ಲಿ ಬೆಳೆದ ಅವರಿಗೆ ಸಂಗೀತದಷ್ಟೇ ಆ ನದಿಯ ಹಬೆದೋಣಿಗಳ ಸೆಳೆತವೂ ಇತ್ತು. ಮುಂದೆ ದೋಣಿ ನಡೆಸುವ ಪರವಾನಗಿಯನ್ನೂ ಪಡೆದರು.

1965ರಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ ನಗರಕ್ಕೆ ಬಂದ ಹಾರ್ಟ್‌ಫರ್ಡ್ ಬರೆದು ಹಾಡಿದ ‘ಜೆಂಟಲ್ ಆನ್ ಮೈ ಮೈಂಡ್’ ಗೀತೆಯನ್ನು 1967ರಲ್ಲಿ ಗಾಯಕ ಗ್ಲೆನ್ ಕ್ಯಾಂಬೆಲ್ ತಾವೂ ಹಾಡಿ ಮನೆಮಾತಾಗಿಸಿದರು. ಅದೇ ಗೀತೆಗಾಗಿ ಹಾರ್ಟ್‌ಫರ್ಡ್ ಅವರಿಗೆ 1968ರಲ್ಲಿ ಎರಡು ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಆ ಒಂದು ಹಾಡಿನ ರಾಯಧನ ತಂದ ಆರ್ಥಿಕ ನಿಶ್ಚಿಂತೆಯನ್ನು ಅವರು ಬಳಸಿಕೊಂಡ ರೀತಿಯೇ ನನಗೆ ಅವರ ವೃತ್ತಿಜೀವನದ ಅತ್ಯಂತ ಗೌರವಾರ್ಹ ಭಾಗವಾಗಿ ಕಾಣುತ್ತದೆ. ಜನಪ್ರಿಯ ದೂರದರ್ಶನ ಕಾರ್ಯಕ್ರಮಗಳ ನಂಟನ್ನು ಬಿಟ್ಟು, ವಾದಕರಾದ ವಾಸರ್ ಕ್ಲೆಮೆಂಟ್ಸ್, ನಾರ್ಮನ್ ಬ್ಲೇಕ್, ಟಟ್ ಟೇಲರ್ ಅವರೊಡನೆ 1971ರಲ್ಲಿ ‘ಏರಿಯೋ-ಪ್ಲೇನ್’ ಆಲ್ಬಮ್ ಹೊರತಂದರು. ಬ್ಯಾಂಜೊ, ಪಿಟೀಲುಗಳಂಥ ತಂತಿವಾದ್ಯಗಳ ಕಂಟ್ರಿ ಶೈಲಿಯಾದ ಬ್ಲೂಗ್ರಾಸ್‌ನ ಹಳೆಯ ವಾದ್ಯಗಳನ್ನೇ ಇಟ್ಟುಕೊಂಡು ಹೊಸ ಮನೋಧರ್ಮದ ಹಾಡುಗಳನ್ನು ಕಟ್ಟಿದ ಈ ಕೃತಿ, ಮುಂದೆ ‘ನ್ಯೂಗ್ರಾಸ್’ ಎಂದು ಹೆಸರಾದ ಶೈಲಿಗೆ ದಾರಿ ತೋರಿತು. 1976ರ ‘ಮಾರ್ಕ್ ಟ್ವಾಂಗ್’ ಆಲ್ಬಮ್‌ಗೆ ಮತ್ತೊಂದು ಗ್ರ್ಯಾಮಿ ದೊರೆಯಿತು. ಕಛೇರಿಗಳಲ್ಲಿ ಅವರು ವಾದ್ಯ ನುಡಿಸುತ್ತ, ಹಾಡುತ್ತ, ಕಾಲಡಿಯ ಪ್ಲೈವುಡ್ ಹಲಗೆಯ ಮೇಲೆ ಹೆಜ್ಜೆ ಹಾಕಿ ತಾಳವನ್ನೂ ತಾವೇ ಒದಗಿಸುತ್ತಿದ್ದರು.

ಕೊನೆಯ ವರ್ಷಗಳಲ್ಲಿ, ಪೂರ್ವ ಅಮೆರಿಕದ ಅಪಲೇಷಿಯನ್ ಬೆಟ್ಟಸೀಮೆಯ ಅಂಧ ಪಿಟೀಲುವಾದಕ ಎಡ್ ಹೇಲಿ ಅವರ ಬದುಕನ್ನೂ ಮಟ್ಟುಗಳನ್ನೂ ಶ್ರದ್ಧೆಯಿಂದ ಸಂಶೋಧಿಸಿ, ಆ ಮಟ್ಟುಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಿದರು.